ಔಷಧ ಕರಗಬೇಕು, ಕೆಡದೆ ಉಳಿಯಬೇಕು: ಲೇಬಲ್ಲಿನ ಸಣ್ಣ ಅಕ್ಷರಗಳ ಪಾಠ



ಜಾಲ್ಸೂರು ಕಡೆಯ ಹಟ್ಟಿಗಳಲ್ಲಿ ಒಮ್ಮೆ ಕಣ್ಣಾಡಿಸಿ. ಗೋಡೆಯ ಗೂಡಿನಲ್ಲೋ, ಪಕ್ಕಾಸಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಚೀಲದಲ್ಲೋ ಒಂದಷ್ಟು ಔಷಧ ಇದ್ದೇ ಇರುತ್ತದೆ. ಅರ್ಧ ಉಳಿದ ಜಂತುನಾಶಕದ ಬಾಟಲಿ, ಕಳೆದ ವರ್ಷದ ಮಾತ್ರೆ, ಮುಚ್ಚಳ ಸಡಿಲಾದ ಅಯೋಡಿನ್ ದ್ರಾವಣ, ಯಾವುದಕ್ಕೋ ತಂದ ಹಳದಿ ಚುಚ್ಚುಮದ್ದು. "ಇನ್ನೂ ಇದೆಯಲ್ಲ, ಬಿಸಾಡುವುದು ಯಾಕೆ" ಎಂದು ಇಟ್ಟುಕೊಂಡದ್ದು. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಆದರೆ ಬಾಟಲಿ ಇದೆ ಎಂದ ಮಾತ್ರಕ್ಕೆ ಅದರೊಳಗೆ ಔಷಧ ಇದೆ ಎಂದು ಹೇಳಲಾಗದು. "ಚೆನ್ನಾಗಿ ಕುಲುಕಿ ಬಳಸಿ", "ಬೆಳಕಿನಿಂದ ದೂರವಿಡಿ", "2 ರಿಂದ 8 ಡಿಗ್ರಿಯಲ್ಲಿ ಇಡಿ", "ಕಲಸಿದ ಕೂಡಲೇ ಬಳಸಿ" ಎಂದು ಲೇಬಲ್ಲಿನಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಬರೆದಿರುತ್ತಾರೆ. ಅದನ್ನು ಪದ್ಧತಿಗಾಗಿ ಬರೆದದ್ದಲ್ಲ. ಆ ಮಾತು ಮೀರಿದರೆ ಔಷಧ ಕೆಲಸ ಮಾಡುವುದಿಲ್ಲ, ದನ ಗುಣವಾಗುವುದಿಲ್ಲ. ಕೆಲವೊಮ್ಮೆ ಹಾಲೂ ಕೆಡುತ್ತದೆ. ಆ ಮಾತುಗಳು ಎಲ್ಲಿಂದ ಬಂದವು ಎಂದು ತಿಳಿದರೆ ಪಾಲಿಸುವುದು ಸುಲಭ. ಈ ಸಂಚಿಕೆಯ ಪಾಠ ಅದೇ.

ಎರಡು ಪ್ರಶ್ನೆಗಳು

ಒಂದು ಔಷಧವನ್ನು ಮಾತ್ರೆ ಮಾಡಬೇಕೋ, ಚುಚ್ಚುಮದ್ದು ಮಾಡಬೇಕೋ, ಪುಡಿಯಾಗಿಯೇ ಇಡಬೇಕೋ ಎಂದು ತೀರ್ಮಾನಿಸುವ ಮೊದಲು ಔಷಧ ತಜ್ಞರು ಅದರ ಗುಣಗಳನ್ನು ಅಳೆಯುತ್ತಾರೆ. ಈ ಮೊದಲ ಹಂತದ ಅಧ್ಯಯನಕ್ಕೆ ಪ್ರಿಫಾರ್ಮುಲೇಷನ್ ಎಂದು ಹೆಸರು. ಅಲ್ಲಿ ಕೇಳುವ ಮುಖ್ಯ ಪ್ರಶ್ನೆಗಳು ಎರಡೇ.

ಒಂದು: ಇದು ಯಾವುದರಲ್ಲಿ ಕರಗುತ್ತದೆ, ಎಷ್ಟು ಕರಗುತ್ತದೆ?
ಎರಡು: ಇದು ಕೆಡದೆ ಎಷ್ಟು ದಿನ ಉಳಿಯುತ್ತದೆ, ಯಾವುದರಿಂದ ಕೆಡುತ್ತದೆ?

ಈ ಎರಡೂ ನಮ್ಮ ಅಡುಗೆಮನೆಗೆ ಹೊಸತಲ್ಲ. ಸಕ್ಕರೆ ನೀರಿನಲ್ಲಿ ಕರಗುತ್ತದೆ. ಅರಿಶಿನ ನೀರಿನಲ್ಲಿ ಕರಗದೆ ತಳದಲ್ಲಿ ಕೂರುತ್ತದೆ, ಒಗ್ಗರಣೆಯ ಎಣ್ಣೆಗೆ ಹಾಕಿದರೆ ಬಣ್ಣ ಬಿಡುತ್ತದೆ. ಆಟಿ ತಿಂಗಳಲ್ಲಿ ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟರೆ ಉಪ್ಪು ನೀರೊಡೆಯುತ್ತದೆ. ಅರಿಶಿನದ ಕಲೆಯ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಮಾಸುತ್ತದೆ. ಔಷಧಗಳ ಸ್ವಭಾವವೂ ಹೀಗೆಯೇ. ಕೆಲವು ನೀರಿಗೆ ಒಲಿಯುತ್ತವೆ, ಕೆಲವು ಕೊಬ್ಬಿಗೆ ಒಲಿಯುತ್ತವೆ. ಕೆಲವು ತೇವಕ್ಕೆ ಕೆಡುತ್ತವೆ, ಕೆಲವು ಬೆಳಕಿಗೆ, ಕೆಲವು ಬಿಸಿಗೆ.

ಮೊದಲ ಪಾಠ: ಕ್ಯಾಲ್ಸಿಯಂ ಬಾಟಲಿ

ಹೆಚ್ಚು ಹಾಲು ಕೊಡುವ ದನ ಕರು ಹಾಕಿ ಒಂದೆರಡು ದಿನದಲ್ಲಿ ತತ್ತರಿಸಿ ಬಿದ್ದು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದ್ದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಕಿವಿ ತಣ್ಣಗೆ, ಮೂಗು ಒಣಗಿರುತ್ತದೆ, ಮೆಲುಕು ನಿಂತಿರುತ್ತದೆ. ಇದಕ್ಕೆ ಹಾಲು ಜ್ವರ ಎನ್ನುತ್ತೇವೆ. ಹೆಸರಿನಲ್ಲಿ ಜ್ವರವಿದ್ದರೂ ಮೈ ಬಿಸಿ ಇರುವುದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇಳಿದುಹೋಗಿರುತ್ತದೆ. ಈ ಕಾರಣವನ್ನು 1925ರಲ್ಲಿ ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೀಗ್ ಎಂಬ ವಿಜ್ಞಾನಿಗಳು ಮುಂದಿಟ್ಟರು.

ಲೆಕ್ಕ ನೋಡಿ. ಗಿಣ್ಣು ಹಾಲಿನ ಪ್ರತಿ ಲೀಟರಿನಲ್ಲಿ ಸುಮಾರು 2.3 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 10 ಲೀಟರು ಗಿಣ್ಣು ಕೊಟ್ಟ ದನದ ಮೈಯಿಂದ 23 ಗ್ರಾಂ ಹೋಯಿತು. ಆದರೆ ಒಂದು ಹೊತ್ತಿನಲ್ಲಿ ಅದರ ರಕ್ತದಲ್ಲಿ ಹರಿದಾಡುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಮೂಳೆಯಿಂದಲೂ ಮೇವಿನಿಂದಲೂ ಬೇಗ ತುಂಬಿಕೊಳ್ಳಲಾಗದ ದನ ಕುಸಿಯುತ್ತದೆ.

ಹಾಗಾದರೆ ನೇರವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರಾಯಿತಲ್ಲ? ಕಷ್ಟ ಇರುವುದೇ ಅಲ್ಲಿ. ಸುಣ್ಣದ ಕಲ್ಲು, ಚಿಪ್ಪು, ಸೀಮೆಸುಣ್ಣ ಇವೆಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕ್ಯಾಲ್ಸಿಯಂ ಕ್ಲೋರೈಡ್ ಚೆನ್ನಾಗಿ ಕರಗುತ್ತದೆ, ಆದರೆ ರಕ್ತನಾಳದಿಂದ ಸ್ವಲ್ಪ ಹೊರಗೆ ಸೋರಿದರೂ ಮಾಂಸವನ್ನು ಸುಡುತ್ತದೆ. ಕ್ಯಾಲ್ಸಿಯಂ ಗ್ಲುಕೊನೇಟ್ ಸೌಮ್ಯವಾದದ್ದು, ಆದರೆ 100 ಮಿಲಿ ನೀರಿನಲ್ಲಿ 3 ಗ್ರಾಂ ಚಿಲ್ಲರೆ ಮಾತ್ರ ಕರಗುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಇರುವುದು ಸುಮಾರು ಹನ್ನೊಂದನೇ ಒಂದು ಪಾಲು. ದನಕ್ಕೆ ಬೇಕಾದ 8 ಗ್ರಾಂ ಕ್ಯಾಲ್ಸಿಯಂ ಕೊಡಲು ಎರಡೂವರೆ ಲೀಟರಿಗಿಂತ ಹೆಚ್ಚು ದ್ರಾವಣವನ್ನು ರಕ್ತನಾಳಕ್ಕೆ ಹರಿಸಬೇಕಾಗುತ್ತಿತ್ತು.

ಪರಿಹಾರ ಸಿಕ್ಕಿದ್ದು ಬೋರಿಕ್ ಆಮ್ಲದಿಂದ. ಅದನ್ನು ಸೇರಿಸಿದಾಗ ಗ್ಲುಕೊನೇಟ್ ಹಲವು ಪಟ್ಟು ಹೆಚ್ಚು ಕರಗಿತು. ಹಾಗೆ ಬಂದದ್ದು ಕ್ಯಾಲ್ಸಿಯಂ ಬೋರೊಗ್ಲುಕೊನೇಟ್. ಇಂದು ವೈದ್ಯರು ತೂಗುಹಾಕುವ 450 ಮಿಲಿ ಬಾಟಲಿಯಲ್ಲಿ 8 ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುವುದು ಇದರಿಂದಲೇ. ಬಿದ್ದ ದನ ಎಷ್ಟೋ ಸಲ ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಕರಗದ್ದನ್ನು ಕರಗಿಸಿದ್ದರ ಫಲ ಅದು.

ಇದೇ ಕೆಲಸವನ್ನು ಹಾಲು ತಾನಾಗಿಯೇ ಮಾಡುತ್ತದೆ. ಒಂದು ಲೀಟರು ಹಾಲಿನಲ್ಲಿ ಸುಮಾರು 1.2 ಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೂ ನೀರಿನಲ್ಲಿ ಸುಮ್ಮನೆ ಕರಗಿ ನಿಲ್ಲದು. ಸುಮಾರು ಮೂರನೇ ಎರಡು ಪಾಲನ್ನು ಕೇಸಿನ್ ಎಂಬ ಹಾಲಿನ ಪ್ರೋಟೀನು ಹಿಡಿದಿಟ್ಟುಕೊಂಡಿದೆ.

ನಾವು ಗಮನಿಸಬೇಕಾದ್ದು:
- ಕ್ಯಾಲ್ಸಿಯಂ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿಗೆ ಹರಳು ಕಟ್ಟಬಹುದು.
- ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಹರಳು, ಎಳೆ, ಮಬ್ಬು ಕಂಡರೆ ವೈದ್ಯರಿಗೆ ತೋರಿಸಿ.
- ಕೊಡುವ ಮೊದಲು ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಮೈಯ ಬಿಸಿಗೆ ತನ್ನಿ.
- ರಕ್ತನಾಳಕ್ಕೆ ಕೊಡುವ ಕೆಲಸ ವೈದ್ಯರದ್ದೇ. ಬೇಗ ಹರಿಸಿದರೆ ಹೃದಯ ನಿಂತುಹೋಗಬಹುದು.
- ವೈದ್ಯರು ಬರುವ ತನಕ ದನವನ್ನು ಒಂದೇ ಮಗ್ಗುಲಿಗೆ ಚಾಚಿ ಮಲಗಲು ಬಿಡದೆ, ಬೈಹುಲ್ಲಿನ ಕಟ್ಟು ಒರಗಿಸಿ ಎದೆಯ ಮೇಲೆ ಕೂರಿಸಿ. ಬಾಯಿಗೆ ಏನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಕೂಡಲೇ ವೈದ್ಯರಿಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ.

ಎರಡನೇ ಪಾಠ: "ಚೆನ್ನಾಗಿ ಕುಲುಕಿ"

ಜಂತುನಾಶಕಗಳಾದ ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ನೀರಿನಲ್ಲಿ ಕರಗುವುದು ಅತ್ಯಲ್ಪ. ಆದ್ದರಿಂದ ಅವನ್ನು ನುಣ್ಣಗೆ ಪುಡಿ ಮಾಡಿ, ಬೇಗ ತಳ ಸೇರದಂತೆ ದಪ್ಪಗಿನ ದ್ರವದಲ್ಲಿ ತೇಲಿಸಿ ಬಾಟಲಿಗೆ ತುಂಬುತ್ತಾರೆ. ನೋಡಲು ಹಾಲಿನಂತೆ ಬೆಳ್ಳಗೆ. ಇದು ಕರಗಿದ ದ್ರಾವಣವಲ್ಲ, ತೇಲುವ ಪುಡಿ. ತಿಂಗಳುಗಟ್ಟಲೆ ಇಟ್ಟರೆ ಪುಡಿ ತಳ ಸೇರುತ್ತದೆ.

ಈಗ ಒಂದು ಮನೆಯಲ್ಲಿ ಮೂರು ದನ ಇವೆ ಎಂದುಕೊಳ್ಳಿ. ಕುಲುಕದೆ ಹೊಯ್ದರೆ ಮೊದಲ ದನಕ್ಕೆ ಬರೇ ತಿಳಿ ನೀರು, ಕೊನೆಯದಕ್ಕೆ ತಳದ ಗಸಿ. ಮೊದಲನೆಯದರ ಹುಳ ಸಾಯುವುದಿಲ್ಲ, ಕೊನೆಯದಕ್ಕೆ ಪ್ರಮಾಣ ಮೀರುತ್ತದೆ. ಅರ್ಧಂಬರ್ಧ ಔಷಧ ತಿಂದು ಬದುಕಿದ ಹುಳಗಳ ಸಂತತಿ ಮುಂದೆ ಅದೇ ಔಷಧಕ್ಕೆ ಬಗ್ಗದೆ ಹೋಗುವ ಅಪಾಯವೂ ಇದೆ. "ಈ ಮದ್ದು ಈಗ ತಾಗುವುದೇ ಇಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಕುಲುಕದ ಬಾಟಲಿ ಇರುತ್ತದೆ.

ಆದ್ದರಿಂದ ಪ್ರತಿ ದನಕ್ಕೆ ಕೊಡುವ ಮೊದಲೂ ಬಾಟಲಿಯನ್ನು ಬುಡಮೇಲು ಮಾಡಿ ಕುಲುಕಿ. ತಳದಲ್ಲಿ ಗಟ್ಟಿ ಹೆಂಟೆ ಕಟ್ಟಿ ಕುಲುಕಿದರೂ ಬಿಡದಿದ್ದರೆ ಆ ಬಾಟಲಿ ಬಳಸಬೇಡಿ. ಗಬ್ಬದ ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಹೊಟ್ಟೆಯ ಕರುವಿಗೆ ಹಾನಿ ಮಾಡಬಹುದು. ಹಾಗಾಗಿ ದನ ಗಬ್ಬವಿದ್ದರೆ ಜಂತುನಾಶಕ ಕೊಡುವ ಮೊದಲು ವೈದ್ಯರಿಗೆ ಹೇಳಿ.

ಮೂರನೇ ಪಾಠ: ಪುಡಿಯಾಗಿ ಬರುವ ಪೆನಿಸಿಲಿನ್

ಕೆಚ್ಚಲು ಬಾವಿಗೂ ಬೇರೆ ಸೋಂಕಿಗೂ ವೈದ್ಯರು ಕೊಡುವ ಪೆನಿಸಿಲಿನ್ ಸಣ್ಣ ಶೀಶೆಯಲ್ಲಿ ಬಿಳಿ ಪುಡಿಯಾಗಿ ಬರುತ್ತದೆ. ಕೊಡುವ ಹೊತ್ತಿಗೆ ಶುದ್ಧ ನೀರು ಸೇರಿಸಿ ಕಲಸುತ್ತಾರೆ. ಕಾರ್ಖಾನೆಯಲ್ಲೇ ನೀರು ಬೆರೆಸಿ ಕಳಿಸಬಾರದೇ ಎಂದು ಅನಿಸಬಹುದು.

ಪೆನಿಸಿಲಿನ್ ಒಣಗಿದ್ದರೆ ವರ್ಷಗಟ್ಟಲೆ ಉಳಿಯುತ್ತದೆ. ನೀರು ತಾಗಿದರೆ ಅದರ ಅಣುವಿನ ಒಂದು ಬಳೆಯಂಥ ಭಾಗವನ್ನು ನೀರೇ ಮುರಿಯತೊಡಗುತ್ತದೆ. ಆ ಬಳೆ ಮುರಿದ ಪೆನಿಸಿಲಿನ್ ರೋಗಾಣುವನ್ನು ಕೊಲ್ಲದು. ಬೆಚ್ಚಗಿದ್ದಷ್ಟೂ ಬೇಗ ಮುರಿಯುತ್ತದೆ. ಹಾಗಾಗಿ ಕಲಸಿ ಉಳಿದ ಅರ್ಧ ಶೀಶೆಯನ್ನು ಹಟ್ಟಿಯ ಗೂಡಿನಲ್ಲಿಟ್ಟು ವಾರದ ನಂತರ ಚುಚ್ಚಿದರೆ ಚುಚ್ಚಿದ ನೋವು ದನಕ್ಕೆ ಸಿಗುತ್ತದೆ, ಗುಣ ಸಿಗುವುದಿಲ್ಲ.

ಈ ಶೀಶೆಗಳಲ್ಲಿ ಇನ್ನೊಂದು ಉಪಾಯವೂ ಇದೆ. ಕೆಲವು ಶೀಶೆಗಳಲ್ಲಿ ಎರಡು ಬಗೆಯ ಪೆನಿಸಿಲಿನ್ ಲವಣಗಳು ಒಟ್ಟಿಗಿರುತ್ತವೆ. ಸೋಡಿಯಂ ಲವಣ ನೀರಿನಲ್ಲಿ ಬೇಗ ಕರಗಿ ಕೂಡಲೇ ರಕ್ತಕ್ಕೆ ಸೇರುತ್ತದೆ. ಪ್ರೊಕೇನ್ ಲವಣ ಕಷ್ಟದಲ್ಲಿ ಕರಗುವುದರಿಂದ ಮಾಂಸಖಂಡದಲ್ಲಿ ಕುಳಿತು ನಿಧಾನವಾಗಿ ಕರಗುತ್ತಾ ಇಡೀ ದಿನ ಕೆಲಸ ಮಾಡುತ್ತದೆ. ಮೊದಲನೆಯದು ಬೆಲ್ಲದ ಪಾನಕದ ಹಾಗೆ, ಎರಡನೆಯದು ಬಾಯಲ್ಲಿ ಇಟ್ಟುಕೊಂಡ ಕಲ್ಲುಸಕ್ಕರೆಯ ಹಾಗೆ. ಇಲ್ಲಿ ಕರಗದಿರುವುದು ದೋಷವಲ್ಲ, ಬೇಕೆಂದೇ ಮಾಡಿದ್ದು. ಕಲಸಿದಾಗ ಬೆಳ್ಳಗೆ ಕಾಣುವುದೂ ಅದಕ್ಕೇ.

ವೈದ್ಯರು ಮೂರು ದಿನ ಅಥವಾ ಐದು ದಿನ ಎಂದು ಹೇಳುವುದು ಈ ನಿಧಾನದ ಲೆಕ್ಕ ಹಿಡಿದು. ಒಂದು ಚುಚ್ಚುಮದ್ದಿಗೆ ಬಾವು ಇಳಿಯಿತೆಂದು ಮಧ್ಯದಲ್ಲಿ ಬಿಡಬೇಡಿ.

ನಾಲ್ಕನೇ ಪಾಠ: ಬೆಳಕು ಮತ್ತು ಸುಣ್ಣ

ಹಳದಿ ಬಣ್ಣದ ಆಕ್ಸಿಟೆಟ್ರಾಸೈಕ್ಲಿನ್ ಕಂದು ಗಾಜಿನ ಶೀಶೆಯಲ್ಲಿ ಬರುತ್ತದೆ. ಕಂದು ಗಾಜು ಚೆಂದಕ್ಕಲ್ಲ. ಬೆಳಕು ತಾಗಿದರೆ ಈ ಔಷಧ ಒಡೆದು ಕಪ್ಪಾಗುತ್ತಾ ಹೋಗುತ್ತದೆ. ಬಣ್ಣ ಗಾಢ ಕಂದಾಗಿದ್ದರೆ ಅದು ಕೆಟ್ಟಿತೆಂದು ತಿಳಿಯಿರಿ. ಇದೇ ಗುಂಪಿನ ಟೆಟ್ರಾಸೈಕ್ಲಿನ್ ಮಾತ್ರೆ ಅವಧಿ ಮೀರಿ ಕೆಟ್ಟದ್ದನ್ನು ತಿಂದವರಿಗೆ ಮೂತ್ರಪಿಂಡಕ್ಕೆ ಹಾನಿಯಾದದ್ದು 1963ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅಂದರೆ ಕೆಟ್ಟ ಔಷಧ ಬರೇ ಸಪ್ಪೆಯಾಗುವುದಲ್ಲ, ಕೆಲವೊಮ್ಮೆ ವಿಷವೂ ಆಗುತ್ತದೆ.

ಈ ಔಷಧಕ್ಕೆ ಕ್ಯಾಲ್ಸಿಯಂ ಕಂಡರೆ ಅಂಟಿಕೊಳ್ಳುವ ಗುಣವಿದೆ. ಎರಡೂ ಸೇರಿದರೆ ಕರಗದ ಗಂಟಾಗುತ್ತದೆ, ಕರುಳು ಅದನ್ನು ಹೀರಿಕೊಳ್ಳದು. ಕರುವಿಗೆ ಈ ಗುಂಪಿನ ಔಷಧವನ್ನು ಬಾಯಿಯಿಂದ ಕೊಡಲು ವೈದ್ಯರು ಹೇಳಿದ್ದರೆ, ಅದನ್ನು ಹಾಲಿನಲ್ಲಿ ಅಥವಾ ಖನಿಜ ಮಿಶ್ರಣದಲ್ಲಿ ಕಲಸಬೇಡಿ. ಹೇಗೆ ಕೊಡಬೇಕೆಂದು ಅವರನ್ನೇ ಕೇಳಿ.

ಇದರಿಂದ ಇನ್ನೊಂದು ನಿಯಮವೂ ತಿಳಿಯುತ್ತದೆ. ಎರಡು ಔಷಧಗಳನ್ನು ಒಂದೇ ಸಿರಿಂಜಿನಲ್ಲಿ ಅಥವಾ ಒಂದೇ ಬಾಟಲಿಯಲ್ಲಿ ಬೆರೆಸಬಾರದು. ಕ್ಯಾಲ್ಸಿಯಂ ದ್ರಾವಣಕ್ಕೆ ಸೋಡಾ ಬೈಕಾರ್ಬೊನೇಟ್ ಬಿದ್ದರೆ ಸೀಮೆಸುಣ್ಣದ ಪುಡಿಯೇ ಉಂಟಾಗುತ್ತದೆ. ಅದು ರಕ್ತನಾಳಕ್ಕೆ ಹೋದರೆ ಏನಾಗಬಹುದೆಂದು ಯೋಚಿಸಿ.

ಐದನೇ ಪಾಠ: ತಂಪು ತಪ್ಪಿದರೆ

ಕಾಲುಬಾಯಿ ಜ್ವರದ ಲಸಿಕೆಯನ್ನು ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ 2019ರಿಂದ ಉಚಿತವಾಗಿ ಹಾಕಲಾಗುತ್ತಿದೆ. ಇದನ್ನು ತಯಾರಾದಲ್ಲಿಂದ ನಿಮ್ಮ ಹಟ್ಟಿಯ ತನಕ 2 ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ತರಬೇಕು. ಬಿಸಿಯಾದರೆ ಲಸಿಕೆಯಲ್ಲಿರುವ ವೈರಸ್ಸಿನ ಕಣ ಚೂರಾಗುತ್ತದೆ. ಚೂರಾದದ್ದನ್ನು ದನದ ಮೈ ಗುರುತು ಹಿಡಿದು ರೋಗನಿರೋಧಕ ಶಕ್ತಿ ಬೆಳೆಸಿಕೊಳ್ಳುವುದು ತೀರ ಕಡಿಮೆ. ಹಾಗೆಂದು ಮಂಜುಗಡ್ಡೆಯಾಗಲೂ ಬಾರದು. ಎಣ್ಣೆ ಬೆರೆಸಿದ ಲಸಿಕೆ ಹೆಪ್ಪುಗಟ್ಟಿ ಕರಗಿದರೆ ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ. ಹೆಚ್ಚು ತಂಪಿದ್ದರೆ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು.

ಹೆಣ್ಣು ಕರುಗಳಿಗೆ 4 ರಿಂದ 8 ತಿಂಗಳ ಪ್ರಾಯದಲ್ಲಿ ಹಾಕುವ ಕಂದುರೋಗದ ಲಸಿಕೆಯಲ್ಲಿ ಜೀವಂತ ರೋಗಾಣುಗಳನ್ನು ದುರ್ಬಲಗೊಳಿಸಿ, ನೀರಿನಂಶ ತೆಗೆದು ಒಣಗಿಸಿರುತ್ತಾರೆ. ಕಲಸಿದ ಮೇಲೆ ಅದರ ಆಯಸ್ಸು ಕೆಲವೇ ಗಂಟೆ. ಆದ್ದರಿಂದ ಲಸಿಕೆ ಹಾಕುವವರು ಬರುವ ದಿನ ದನಕರುಗಳನ್ನು ಗುಡ್ಡೆಗೆ ಬಿಡದೆ ಹಟ್ಟಿಯಲ್ಲೇ ಕಟ್ಟಿ ಸಿದ್ಧವಾಗಿರಿ. ನೀವು ದನ ಹುಡುಕಲು ಹೋದ ಅರ್ಧ ಗಂಟೆ ಐಸ್ ಪೆಟ್ಟಿಗೆ ಬಿಸಿಲಲ್ಲಿ ಕಾಯುತ್ತದೆ. ಅದರ ನಷ್ಟ ನಿಮ್ಮ ನಂತರದ ಮನೆಗಳಿಗೂ ತಟ್ಟುತ್ತದೆ.

ಆಕ್ಸಿಟೋಸಿನ್ ವಿಷಯವನ್ನೂ ಇಲ್ಲಿ ಹೇಳಬೇಕು. ಹೆರಿಗೆಯ ನಂತರದ ರಕ್ತಸ್ರಾವ ತಡೆದು ತಾಯಂದಿರ ಜೀವ ಉಳಿಸುವ ಔಷಧ ಅದು. ಬಿಸಿಗೆ ಬೇಗ ಶಕ್ತಿ ಕಳೆದುಕೊಳ್ಳುವುದರಿಂದ 2 ರಿಂದ 8 ಡಿಗ್ರಿಯಲ್ಲಿ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಹಾಲು ಇಳಿಸಲು ದನಗಳಿಗೆ ಚುಚ್ಚುವ ದುರ್ಬಳಕೆ ದೇಶದಲ್ಲಿ ಹೆಚ್ಚಿತೆಂದು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ತಯಾರಿಸುವುದನ್ನು ನಿಲ್ಲಿಸಿ, ಬೆಂಗಳೂರಿನಲ್ಲಿರುವ ಸರಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಒಂದಕ್ಕೇ ಅನುಮತಿ ನೀಡಲು ಹೊರಟಿತು. ತಾಯಂದಿರಿಗೆ ಔಷಧ ಸಿಗದೆ ಹೋಗಬಹುದೆಂಬ ಆತಂಕ ಎದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹಟ್ಟಿಯಲ್ಲಿ ನಡೆಯುವ ದುರ್ಬಳಕೆಯ ಬಿಸಿ ಹೆರಿಗೆ ಕೋಣೆಗೂ ತಟ್ಟಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಪೇಟೆಯಲ್ಲಿ ಹೆಸರು ವಿಳಾಸವಿಲ್ಲದ ಶೀಶೆಯಲ್ಲಿ ಸಿಗುವ "ಹಾಲಿಳಿಸುವ ಮದ್ದ"ನ್ನು ಮುಟ್ಟಬೇಡಿ. ಅದು ಎಷ್ಟು ಬಿಸಿ ಕಂಡಿದೆಯೋ, ಒಳಗೆ ಏನಿದೆಯೋ ಹೇಳುವವರಿಲ್ಲ. ದನದ ಆರೋಗ್ಯ ಕೆಡಿಸುವಂತೆ ಹಾಲಿಗಾಗಿ ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಕರುವನ್ನು ಒಂದು ಗಳಿಗೆ ಬಿಟ್ಟರೆ ದನದ ಮೈಯೇ ಆಕ್ಸಿಟೋಸಿನ್ ಬಿಡುತ್ತದೆ. ಅದಕ್ಕೆ ಫ್ರಿಜ್ಜೂ ಬೇಡ, ದುಡ್ಡೂ ಬೇಡ.

ಆರನೇ ಪಾಠ: ಅಯೋಡಿನ್ ಬಟ್ಟಲು

ಹಾಲು ಕರೆದ ಮೇಲೆ ಮೊಲೆಗಳನ್ನು ಅದ್ದುವ ಕಂದು ದ್ರಾವಣ ಪೊವಿಡೋನ್ ಅಯೋಡಿನ್. ಬರೇ ಅಯೋಡಿನ್ ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 0.3 ಗ್ರಾಂ ಮಾತ್ರ. ಪೊವಿಡೋನ್ ಎಂಬ ಇನ್ನೊಂದು ವಸ್ತು ಅದನ್ನು ಹಿಡಿದಿಟ್ಟು ನೀರಿನಲ್ಲಿ ಕರಗುವಂತೆ ಮಾಡಿದೆ, ಬೇಕಾದಷ್ಟೇ ನಿಧಾನವಾಗಿ ಬಿಡುತ್ತದೆ.

ಆದರೆ ಹಾಲು, ಸೆಗಣಿ, ಕೊಳೆ ಬಿದ್ದರೆ ಅಯೋಡಿನ್ ಅವುಗಳ ಮೇಲೆಯೇ ಖರ್ಚಾಗಿ ಹೋಗುತ್ತದೆ. ಕಂದು ಬಣ್ಣ ತೆಳುವಾದರೆ ಶಕ್ತಿ ಹೋಯಿತೆಂದೇ ಅರ್ಥ. ಬಟ್ಟಲಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ, ನಾಳೆಗೆ ಇಡಬೇಡಿ. ಆಯಾ ಹೊತ್ತಿಗೆ ಬೇಕಾದಷ್ಟೇ ಬಗ್ಗಿಸಿಕೊಳ್ಳಿ.

ಅವಧಿ ದಿನಾಂಕ ಮತ್ತು ನಮ್ಮ ಮಳೆಗಾಲ

ಲೇಬಲ್ಲಿನ ಅವಧಿ ದಿನಾಂಕವನ್ನು ಅಂದಾಜಿನಲ್ಲಿ ಬರೆಯುವುದಿಲ್ಲ. ನಮ್ಮ ದೇಶದ ನಿಯಮದಂತೆ ಔಷಧವನ್ನು 40 ಡಿಗ್ರಿ ಬಿಸಿ, 75 ಶೇಕಡಾ ತೇವಾಂಶದಲ್ಲಿ 6 ತಿಂಗಳು ಇಟ್ಟು ನೋಡುತ್ತಾರೆ. ಇನ್ನೊಂದಷ್ಟನ್ನು 30 ಡಿಗ್ರಿ, 70 ಶೇಕಡಾ ತೇವಾಂಶದಲ್ಲಿ ಹೆಚ್ಚು ಕಾಲ ಇಡುತ್ತಾರೆ. ನಡುನಡುವೆ ತೆಗೆದು ಎಷ್ಟು ಉಳಿದಿದೆ ಎಂದು ಅಳೆಯುತ್ತಾರೆ. ಆ ಅಳತೆಯಿಂದ ದಿನಾಂಕ ಬರುತ್ತದೆ.

ಆದರೆ ಆ ಪರೀಕ್ಷೆ ನಡೆದದ್ದು ಮುಚ್ಚಿದ ಬಾಟಲಿಯ ಮೇಲೆ. ಬಿರಡೆ ತೆರೆದ ದಿನದಿಂದ ಆ ದಿನಾಂಕಕ್ಕೆ ಬೆಲೆ ಇಲ್ಲ. ಪಯಸ್ವಿನಿಯ ದಂಡೆಯ ಈ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ. ಹಾಳೆ ಹರಿದ ಮಾತ್ರೆ, ಬಾಯಿ ಬಿಚ್ಚಿದ ಪುಡಿಯ ಪೊಟ್ಟಣ ಆ ತೇವವನ್ನೆಲ್ಲ ಹೀರುತ್ತವೆ. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ, ಒಲೆಯ ಮೇಲಿನ ಅಟ್ಟದಲ್ಲಿ ಬಿಸಿ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಹಟ್ಟಿಯಾಗಲಿ ಅಟ್ಟವಾಗಲಿ ಔಷಧ ಇಡುವ ಜಾಗವಲ್ಲ.

ಕೊಬ್ಬಿನಲ್ಲಿ ಕರಗುವುದು ಹಾಲಿಗೂ ಬರುತ್ತದೆ

ಕೊನೆಯ ಪಾಠ ನಮ್ಮ ಸಂಘದ ಕ್ಯಾನಿಗೆ ಸಂಬಂಧಿಸಿದ್ದು. ದನಕ್ಕೆ ಕೊಟ್ಟ ಔಷಧ ಎಲ್ಲಿಗೆ ಹೋಗುತ್ತದೆ? ನೀರಿನಲ್ಲಿ ಕರಗುವುದು ಹೆಚ್ಚಾಗಿ ಮೂತ್ರದಲ್ಲಿ ಹೋಗುತ್ತದೆ, ಆದರೂ ಸ್ವಲ್ಪ ಹಾಲಿಗೆ ಬರುತ್ತದೆ. ಕೊಬ್ಬಿನಲ್ಲಿ ಕರಗುವುದು ಮೈಯ ಕೊಬ್ಬಿನಲ್ಲಿ ಕುಳಿತು ಹಾಲಿನ ಕೊಬ್ಬಿನ ಜತೆ ದಿನಗಟ್ಟಲೆ ಹೊರಬರುತ್ತದೆ. ಉಣುಗು ಮತ್ತು ಹುಳಕ್ಕೆ ಕೊಡುವ ಐವರ್‌ಮೆಕ್ಟಿನ್ ಈ ಬಗೆಯದು. ಹಾಲು ಕರೆಯುವ ದನಕ್ಕೆ ಅದನ್ನು ವೈದ್ಯರನ್ನು ಕೇಳದೆ ಚುಚ್ಚಿಸಲೇಬಾರದು. ನಿಧಾನ ಕರಗುವ ಪೆನಿಸಿಲಿನ್ ಕೂಡ ಚುಚ್ಚುಮದ್ದು ನಿಲ್ಲಿಸಿದ ಮೇಲೆ ಕೆಲವು ದಿನ ಹಾಲಿನಲ್ಲಿ ಇರುತ್ತದೆ.

ಅಂತಾರಾಷ್ಟ್ರೀಯ ಆಹಾರ ಮಾನದಂಡದಂತೆ ಒಂದು ಕಿಲೋ ಹಾಲಿನಲ್ಲಿ ಪೆನಿಸಿಲಿನ್ 4 ಮೈಕ್ರೋಗ್ರಾಂ ಮೀರಬಾರದು. ಲೆಕ್ಕ ಹಾಕಿದರೆ 1 ಗ್ರಾಂ ಪೆನಿಸಿಲಿನ್ ಎರಡೂವರೆ ಲಕ್ಷ ಕಿಲೋ ಹಾಲನ್ನು ಆ ಮಿತಿಗೆ ತರಲು ಸಾಕು. ಒಬ್ಬಳ ಒಂದು ಚೊಂಬು ಹಾಲು ಇಡೀ ಊರಿನ ಹಾಲನ್ನು ಕೆಡಿಸಬಹುದು ಎಂಬುದು ಹೆದರಿಸುವ ಮಾತಲ್ಲ, ಲೆಕ್ಕ. ಕುದಿಸಿದರೆ ಅದು ಹೋಗುತ್ತದೆಂದು ನಂಬಿ ಕೂರಲಾಗದು. ಅಂಥ ಹಾಲಿನಲ್ಲಿ ಮೊಸರು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಆ ಹಾಲನ್ನು ಕುಡಿಯುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಆದ್ದರಿಂದ ಲೇಬಲ್ಲಿನಲ್ಲಿ ಬರೆದಷ್ಟು ದಿನ ಆ ದನದ ಹಾಲನ್ನು ಬೇರೆ ಇಡಿ. ಏನೂ ಬರೆದಿಲ್ಲದಿದ್ದರೆ ಔಷಧ ನಿಯಮದಂತೆ ಕನಿಷ್ಠ 7 ದಿನ. ಅಷ್ಟು ದಿನದ ಹಣ ಹೋಗುವುದು ದೊಡ್ಡ ನಷ್ಟವೇ, ಅಲ್ಲವೆನ್ನಲಾರೆವು. ಅದಕ್ಕೇ ಔಷಧ ಮೊದಲ ಸಲವೇ ಸರಿಯಾಗಿ ತಾಗಬೇಕು. ಕೆಟ್ಟ ಔಷಧ ಕೊಟ್ಟರೆ ರೋಗವೂ ಹೋಗದು, ಹಾಲನ್ನೂ ಹೊರಗಿಡಬೇಕು, ಮತ್ತೊಮ್ಮೆ ಔಷಧವನ್ನೂ ತರಬೇಕು.

ಈ ಭಾನುವಾರದ ಮನೆಕೆಲಸ

1. ಹಟ್ಟಿಯಲ್ಲಿರುವ ಎಲ್ಲ ಔಷಧಗಳನ್ನು ಒಂದು ಗೆರಸೆಗೆ ಹಾಕಿ ಹಗಲು ಬೆಳಕಿನಲ್ಲಿ ನೋಡಿ.
2. ಲೇಬಲ್ ಇಲ್ಲದ್ದು, ಅವಧಿ ಮೀರಿದ್ದು, ಬಣ್ಣ ಬದಲಾದದ್ದು, ಹೆಂಟೆ ಕಟ್ಟಿದ್ದು, ಕಲಸಿ ಉಳಿದದ್ದು ಇವನ್ನು ಬೇರೆ ಮಾಡಿ. ತೋಡಿಗೂ ಗೊಬ್ಬರದ ಗುಂಡಿಗೂ ಎಸೆಯಬೇಡಿ. ಹೇಗೆ ವಿಲೇವಾರಿ ಮಾಡುವುದೆಂದು ಪಶು ಆಸ್ಪತ್ರೆಯಲ್ಲಿ ಕೇಳಿ.
3. ಉಳಿದದ್ದನ್ನು ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಹಾಕಿ ಮನೆಯೊಳಗೆ ತಂಪಾದ, ಒಣಗಿದ, ಕತ್ತಲಿನ, ಮಕ್ಕಳ ಕೈಗೆ ಸಿಗದ ಜಾಗದಲ್ಲಿ ಇಡಿ. ಕೀಟನಾಶಕದ ಜತೆ ಬೇಡ.
4. ಫ್ರಿಜ್ಜಿನಲ್ಲಿ ಇಡಿ ಎಂದು ಬರೆದದ್ದನ್ನು ಮಾತ್ರ ಫ್ರಿಜ್ಜಿನಲ್ಲಿ ಇಡಿ. ಬಾಗಿಲಿನಲ್ಲೂ ಬೇಡ, ಮಂಜುಗಟ್ಟುವ ಮೇಲಿನ ಅರೆಯಲ್ಲೂ ಬೇಡ. ಊಟದ ಪದಾರ್ಥಕ್ಕೆ ತಾಗದಂತೆ ಮುಚ್ಚಿದ ಡಬ್ಬಿಯಲ್ಲಿರಲಿ. ಕರೆಂಟು ದಿನಗಟ್ಟಲೆ ಹೋದರೆ ಬಳಸುವ ಮೊದಲು ವೈದ್ಯರನ್ನು ಕೇಳಿ.
5. ಬಾಟಲಿ ತೆರೆದ ದಿನ ಅದರ ಮೇಲೆಯೇ ಪೆನ್ನಿನಲ್ಲಿ ದಿನಾಂಕ ಬರೆಯಿರಿ.
6. ಯಾವ ದನಕ್ಕೆ, ಯಾವ ದಿನ, ಯಾವ ಔಷಧ, ಹಾಲು ಬೇರೆ ಇಡಬೇಕಾದ ಕೊನೆಯ ದಿನ ಯಾವುದು ಎಂದು ಹಾಲಿನ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ.
7. ಕನ್ನಡಕವಿಲ್ಲದೆ ಲೇಬಲ್ ಓದಲಾಗದಿದ್ದರೆ ನಾಚಿಕೆ ಬೇಡ. ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಓದಿಸಿ.

ಹಾಲನ್ನು ಹೇಗೆ ಕಾಯಬೇಕೆಂದು ನಿಮಗೆ ಯಾರೂ ಕಲಿಸಬೇಕಿಲ್ಲ. ಕರೆದ ಹಾಲು ಬಿಸಿಲಿಗೆ ಇಟ್ಟರೆ ಒಡೆಯುತ್ತದೆ, ಕೊಳೆ ಬಿದ್ದರೆ ಕೆಡುತ್ತದೆ, ತಡವಾದರೆ ಹುಳಿಯಾಗುತ್ತದೆ ಎಂದು ತಿಳಿದೇ ಬೆಳಗಾಗುವ ಮೊದಲು ಸಂಘಕ್ಕೆ ಓಡುತ್ತೀರಿ. ಔಷಧವನ್ನೂ ಅದೇ ಕಣ್ಣಿನಿಂದ ನೋಡಿ. ಹಾಲು ಕೆಟ್ಟರೆ ಮೂಗಿಗೆ ತಿಳಿಯುತ್ತದೆ. ಔಷಧ ಕೆಟ್ಟದ್ದು ತಿಳಿಯುವುದು ಎಷ್ಟೋ ಸಲ ದನ ಏಳದಿದ್ದಾಗ ಮಾತ್ರ. ಅಷ್ಟರ ತನಕ ಕಾಯಬೇಡಿ, ಬಾಟಲಿ ತೆರೆಯುವ ಮೊದಲು ಲೇಬಲ್ ಓದಿ.